ಅಹ್ಮದ್ ಬಾಬಾ: 1,600 ಪುಸ್ತಕ ಕಳೆದುಕೊಂಡ ವಿದ್ವಾಂಸ

ಆಫ್ರಿಕಾಗೆ ಬರವಣಿಗೆಯ ಚರಿತ್ರೆಯೇ ಇಲ್ಲ ಅನ್ನೋ ವಸಾಹತುಶಾಹಿ ಸುಳ್ಳು, ಎಂಜಿನಿಯರಿಂಗ್ ಓದುವಾಗ ನನ್ನ ತಲೆಯಲ್ಲೂ ಕೂತಿತ್ತು. ಟಿಂಬಕ್ಟು ಅಂದ್ರೆ ಎಲ್ಲೋ ದೂರದ, ಇದೆಯೋ ಇಲ್ಲವೋ ಗೊತ್ತಿಲ್ಲದ ಊರು ಅಷ್ಟೇ. ಅದನ್ನು ಕಿತ್ತುಹಾಕಿದ್ದು ಅಹ್ಮದ್ ಬಾಬಾ ಅವರ ಬದುಕು.

1556ರಲ್ಲಿ ಹುಟ್ಟಿದ ಅವರು ಟಿಂಬಕ್ಟುವಿನ ಅಕೀತ್ ಎಂಬ ವಿದ್ವಾಂಸರ ಮನೆತನದವರು, ಇಸ್ಲಾಮಿಕ್ ಕಾನೂನಿನ ಪಂಡಿತರು. ಗುರು ಮುಹಮ್ಮದ್ ಬಗಯೋಗೊ ಅಪರೂಪದ ಪುಸ್ತಕಗಳನ್ನೂ ಕೇಳಿದವರಿಗೆ ಕೊಟ್ಟುಬಿಡುತ್ತಿದ್ದರು, ವಾಪಸ್ ಕೇಳುತ್ತಿರಲಿಲ್ಲ. ಒಂದೊಂದು ಪುಸ್ತಕವನ್ನೂ ಕೈಯಲ್ಲೇ ನಕಲು ಮಾಡಬೇಕಿದ್ದ ಕಾಲವದು. ಗುರುವಿನ ಈ ಗುಣವನ್ನು ಶಿಷ್ಯ ಮರೆಯದೆ ಬರೆದಿಟ್ಟರು.

1591ರಲ್ಲಿ ಮೊರಾಕ್ಕೊ ಸುಲ್ತಾನ ಅಹ್ಮದ್ ಅಲ್-ಮನ್ಸೂರನ ಕೋವಿ ಸೈನ್ಯ ಸಹಾರಾ ದಾಟಿ ಬಂದು ಸೊಂಘಾಯ್ ಸಾಮ್ರಾಜ್ಯವನ್ನು ಕೆಡವಿತು. ಟಿಂಬಕ್ಟುವಿನ ವಿದ್ವಾಂಸರು ತಲೆಬಾಗಲಿಲ್ಲ. 1593ರಲ್ಲಿ ಬಾಬಾ ಮತ್ತು ಅವರ ಬಂಧುಗಳನ್ನು ಹಿಡಿದು, ಸಂಕೋಲೆ ಹಾಕಿ ಮರಕೇಶ್‌ಗೆ ಸಾಗಿಸಿದರು. ದಾರಿಯಲ್ಲಿ ಒಂಟೆಯಿಂದ ಬಿದ್ದು ಬಾಬಾ ಕಾಲು ಮುರಿಯಿತು. ಅವರ 1,600 ಪುಸ್ತಕಗಳು ಲೂಟಿಯಾದವು. ಬಂಧುಗಳ ಪೈಕಿ ತನ್ನದೇ ಅತಿ ಚಿಕ್ಕ ಸಂಗ್ರಹ ಅಂತ ಅವರೇ ಹೇಳಿಕೊಂಡಿದ್ದರು. ಉಳಿದವರದ್ದು ಎಷ್ಟಿತ್ತೋ, ಊಹಿಸಿ!

ಪರದೆಯ ಹಿಂದಿನಿಂದ ಮಾತಾಡಿದ ಸುಲ್ತಾನನಿಗೆ, ಎದುರು ಬಂದು ಮಾತಾಡು ಎಂದರು ಬಾಬಾ. ನನ್ನ ಪುಸ್ತಕಗಳನ್ನು ಯಾಕೆ ದೋಚಿದೆ ಅಂತಲೂ ಕೇಳಿದರು. 1596ರಲ್ಲಿ ಸೆರೆಮನೆಯಿಂದ ಬಿಟ್ಟರೂ ಊರಿಗೆ ಬಿಡಲಿಲ್ಲ. ಅಲ್ಲೇ ಪಾಠ ಹೇಳಿದರು, ನೂರಾರು ವಿದ್ವಾಂಸರ ಜೀವನಚರಿತ್ರೆಗಳ ಕೋಶವನ್ನು ಮುಗಿಸಿದರು. ಊರಿಗೆ ಮರಳಿದ್ದು 1608ರಲ್ಲಿ.

1615ರಲ್ಲಿ, ಕಪ್ಪು ಬಣ್ಣ ಯಾರನ್ನೂ ಗುಲಾಮರಾಗಿಸಲು ಕಾರಣವಲ್ಲ ಎಂದು ಅವರು ಬರೆದರು. ಆದರೆ ಮುಸ್ಲಿಮೇತರರ ಗುಲಾಮಗಿರಿಯನ್ನು ಒಪ್ಪಿದ್ದರು. ಅವರನ್ನು ಮೆಚ್ಚುವ ನಾವು ಇದನ್ನು ಮುಚ್ಚಿಡಬಾರದು. ಹಸ್ತಪ್ರತಿಗಳನ್ನು ಕಾಪಾಡೋದು ಪೂಜೆ ಮಾಡೋಕಲ್ಲ, ಓದಿ ಜಗಳವಾಡೋಕೆ.

ಅವರು ತೀರಿಕೊಂಡಿದ್ದು 1627ರಲ್ಲಿ. 1973ರಲ್ಲಿ ಮಾಲಿ ಸರ್ಕಾರ ಟಿಂಬಕ್ಟುವಿನಲ್ಲಿ ಅವರ ಹೆಸರಲ್ಲೇ ಹಸ್ತಪ್ರತಿ ಸಂಸ್ಥೆ ಕಟ್ಟಿತು. 2013ರ ಜನವರಿಯಲ್ಲಿ ಜಿಹಾದಿಗಳು ಅಲ್ಲಿದ್ದ ಸುಮಾರು 4,000 ಹಸ್ತಪ್ರತಿಗಳನ್ನು ಸುಟ್ಟರು, ಇಲ್ಲವೇ ಹೊತ್ತೊಯ್ದರು. ಆದರೆ ಅದಕ್ಕೂ ಮೊದಲೇ, ಊರಿನ ಮನೆತನಗಳು ತಲೆಮಾರುಗಳಿಂದ ಜೋಪಾನ ಮಾಡಿದ್ದ ಸಂಗ್ರಹಗಳನ್ನು ಜನ ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಗುಟ್ಟಾಗಿ ರಾಜಧಾನಿ ಬಮಾಕೊಗೆ ಸಾಗಿಸಿದ್ದರು. ಉಳಿದದ್ದೇ ಹೆಚ್ಚು.

ಡೇಟಾ ಒಂದೇ ಕಡೆ ಇಡಬೇಡಿ ಅಂತ ನಮಗೆ ಕಾಲೇಜಲ್ಲಿ ಹೇಳಿಕೊಟ್ಟರು. ಪುಸ್ತಕಗಳನ್ನು ಕಂಡವರಿಗೆಲ್ಲ ಹಂಚುತ್ತಿದ್ದ ಬಗಯೋಗೊಗೆ ಅದು 16ನೇ ಶತಮಾನದಲ್ಲೇ ಗೊತ್ತಿತ್ತೇನೋ.