ಮಾರ್ಕ್ ಕಬ್ಬನ್ ಮತ್ತು ಕೊಡವರ ಕೋವಿ

ಬೆಂಗಳೂರಿನ ಉದ್ಯಾನವೊಂದರ ಹೆಸರಿನಿಂದ ಇಂದಿಗೂ ಪರಿಚಿತನಾಗಿರುವ ಸರ್ ಮಾರ್ಕ್ ಕಬ್ಬನ್‌ನನ್ನು ರಸ್ತೆ, ಅಂಚೆ, ಕಂದಾಯಗಳ ಸುಧಾರಕನೆಂದೇ ನಮ್ಮ ಚರಿತ್ರೆಕಾರರು ಚಿತ್ರಿಸುತ್ತ ಬಂದಿದ್ದಾರೆ. ಅವನ ಅಧಿಕಾರಾವಧಿಯ ಕೊನೆಯ ದಿನಗಳ ಆಜ್ಞೆಯೊಂದು ಮಾತ್ರ ಈ ಚಿತ್ರದ ಅಂಚಿನಲ್ಲೇ ಉಳಿದಿದೆ.

ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿದ ಕಬ್ಬನ್ 1800ರಲ್ಲಿ ಮದರಾಸು ಸೈನ್ಯವನ್ನು ಸೇರಿದನು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇವನ ಸೋದರಮಾವ. 1834ರಲ್ಲಿ ಮೈಸೂರಿನ ಕಮಿಷನರನಾಗಿ ನೇಮಕಗೊಂಡು 1861ರವರೆಗೆ ಆ ಸ್ಥಾನದಲ್ಲಿದ್ದನು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಮೇಲ್ವಿಚಾರಣೆಗೆ ಒಪ್ಪಿಸುವ ಕ್ರಮವನ್ನು ಪ್ರತಿಭಟಿಸಿ ರಾಜೀನಾಮೆಯಿತ್ತನು; ಗವರ್ನರ್ ಜನರಲ್ ಕ್ಯಾನಿಂಗ್ ತನ್ನ ನಿರ್ಧಾರವನ್ನೇ ಹಿಂತೆಗೆದುಕೊಳ್ಳಬೇಕಾಯಿತು.

ಅವನು ಅಧಿಕಾರ ವಹಿಸಿಕೊಂಡ 1834ರಲ್ಲಿಯೇ ಕಂಪನಿಯು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತ್ತು. ಮುಂದೆ ಕೊಡಗಿನ ಆಡಳಿತವೂ ಕಬ್ಬನ್‌ನ ಕೈಗೆ ಬಂದಿತು. 1837ರ ಅಮರಸುಳ್ಯ ದಂಗೆಯಲ್ಲಿ ಕಂಪನಿಯ ಪಕ್ಷ ವಹಿಸಿದ ಕೊಡವರಿಗೆ ಪದಕಗಳು ದೊರೆತವು. ಅದೇ ದಂಗೆಯಲ್ಲಿ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು ಎಂಬುದನ್ನು ಇಲ್ಲಿ ಮರೆಯಲಾಗದು.

1857ರ ಬಂಡಾಯದ ಬಳಿಕ ಪ್ರಜೆಗಳ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಗಳು ಜಾರಿಗೆ ಬಂದವು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದಾಗ ಅದೇ ವರ್ಷದ ನವೆಂಬರಿನಲ್ಲಿ ಸೈನ್ಯವು ಊರನ್ನು ಸುಟ್ಟಿತು, ಅನೇಕರನ್ನು ಗಲ್ಲಿಗೇರಿಸಿತು. ಆ ಕಥೆ ಲಾವಣಿಯಾಗಿ ಉಳಿದಿದೆ. ಫ್ಲೀಟ್ ಅದನ್ನು ಸಂಗ್ರಹಿಸಿದುದು ಕನ್ನಡ ಅಧ್ಯಾಪಕರಿಗೆಲ್ಲ ತಿಳಿದ ಸಂಗತಿ. ಕೊಡಗಿನಲ್ಲಿ ನಡೆದುದು ಬೇರೆ. 1861ರ ಫೆಬ್ರವರಿ 26ರಂದು ಕಬ್ಬನ್ ಹೊರಡಿಸಿದ ಆಜ್ಞೆಯು ಕೊಡವರ ನಿಷ್ಠೆ, ಗೌರವ, ಶೌರ್ಯಗಳನ್ನು ಮನ್ನಿಸಿ ಅವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರತುಪಡಿಸಿತು.

ಇಲ್ಲೊಂದು ಸೂಕ್ಷ್ಮವಿದೆ. ಕೊಡವರ ಬದುಕಿನಲ್ಲಿ ಕೋವಿಯು ಆಚರಣೆಯ ವಸ್ತು: ಕೈಲ್‌ಪೊಳ್ದಿನಲ್ಲಿ ಅದಕ್ಕೆ ಹೂವಿಟ್ಟು ಪೂಜೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು, ಸಾವಿನ ಮನೆಯಿಂದ ಊರಿಗೆ ಸುದ್ದಿ ಮುಟ್ಟಿಸುವುದಕ್ಕೂ ಗುಂಡು. ಅವರ ದೃಷ್ಟಿಯಲ್ಲಿ ಅದು ಪರಂಪರೆಯಿಂದ ಬಂದ ಹಕ್ಕು. ಆಜ್ಞೆಯ ದೃಷ್ಟಿಯಲ್ಲಿ ಅದು ನಿಷ್ಠೆಗೆ ಸಂದ ಬಹುಮಾನ. ಹಲಗಲಿಯ ಬೇಡರಿಗೂ ಆಯುಧವು ಕುಲವೃತ್ತಿಯ ಭಾಗವೇ ಆಗಿತ್ತು. ಆದರೆ ಅವರ ಪರವಾಗಿ ಬರೆಯುವ ಕಮಿಷನರ್ ಇರಲಿಲ್ಲ. ಕಬ್ಬನ್‌ನ ಔದಾರ್ಯವೆಂದು ಇದನ್ನು ಹೊಗಳುವ ಬರಹಗಳು ಈ ವ್ಯತ್ಯಾಸವನ್ನು ಗಮನಿಸಿದಂತೆ ಕಾಣುವುದಿಲ್ಲ.

ಆಜ್ಞೆ ಹೊರಟ ಕೆಲವೇ ವಾರಗಳಲ್ಲಿ, ಸ್ವದೇಶಕ್ಕೆ ಮರಳುವ ದಾರಿಯಲ್ಲಿ, 1861ರ ಏಪ್ರಿಲ್‌ನಲ್ಲಿ ಕಬ್ಬನ್ ಸುಯೆಜ್‌ನಲ್ಲಿ ತೀರಿಕೊಂಡನು. ದೇಹವನ್ನು ಹುಟ್ಟಿದ ದ್ವೀಪಕ್ಕೆ ಒಯ್ದು ಮಣ್ಣು ಮಾಡಲಾಯಿತು. ವಿನಾಯಿತಿ ಮಾತ್ರ ಅವನೊಂದಿಗೆ ಮುಗಿಯಲಿಲ್ಲ. ಸ್ವತಂತ್ರ ಭಾರತದ ಸರ್ಕಾರವು 1963ರಲ್ಲಿ ಅದನ್ನು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿಸಿತು. 2019ರಲ್ಲಿ ಅವಧಿಯನ್ನು 2029ರವರೆಗೆ ವಿಸ್ತರಿಸಿತು. ಜಾತಿಯ ಆಧಾರದ ತಾರತಮ್ಯವೆಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ಅದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ಅದೇ ನ್ಯಾಯಾಲಯದ ಆವರಣದಲ್ಲಿದ್ದ ಕಬ್ಬನ್‌ನ ಪ್ರತಿಮೆಯನ್ನು ಅವನ ಹೆಸರಿನ ಉದ್ಯಾನಕ್ಕೆ ಸ್ಥಳಾಂತರಿಸಲಾಗಿತ್ತು.