ಕಿವಿಯನ್ನು ಗುರುವಾಗಿಸಿಕೊಂಡ ಗ್ರಹಾಂ ಬೆಲ್

ಈ ವರ್ಷದ ಸ್ನೇಹಸಮ್ಮೇಳನದ ಸಿದ್ಧತೆ ನಡೆದಿದ್ದಾಗ ಹತ್ತನೆಯ ತರಗತಿಯ ಕೆಲವು ವಿದ್ಯಾರ್ಥಿಗಳು ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದರು. ಹೆವಿ ಮೆಟಲ್ ಎಂಬ ಸಂಗೀತವನ್ನು ಕೇಳಲು ಕಡಿಮೆ ಬೆಲೆಯ ಹೆಡ್‌ಫೋನುಗಳಲ್ಲಿ ಯಾವುದು ಒಳ್ಳೆಯದು ಎಂಬುದೇ ಆ ಪ್ರಶ್ನೆ. ಸಂಧಿ ಸಮಾಸಗಳನ್ನು ಕಲಿಸುವ ನಮಗೆ ಮೊದಲು ನಗೆ ಬಂದಿತು. ಆದರೆ ವಿಚಾರ ಮಾಡುತ್ತ ಹೋದಂತೆ, ಆ ಪ್ರಶ್ನೆಗೆ ಉತ್ತರವು ಒಬ್ಬ ಉಪಾಧ್ಯಾಯನ ಜೀವನಚರಿತ್ರೆಯಲ್ಲಿಯೇ ಇದೆಯೆಂದು ತೋರಿತು. ಆತನೇ ಅಲೆಕ್ಸಾಂಡರ್ ಗ್ರಹಾಂ ಬೆಲ್. ಟೆಲಿಫೋನಿನ ಜನಕನೆಂದು ಲೋಕವು ಆತನನ್ನು ಬಲ್ಲದು. ಆತನಾದರೋ ತನ್ನನ್ನು ಕಿವುಡ ಮಕ್ಕಳ ಉಪಾಧ್ಯಾಯನೆಂದೇ ಹೇಳಿಕೊಳ್ಳುತ್ತಿದ್ದನು.

ಬೆಲ್ ಹುಟ್ಟಿದ್ದು ೧೮೪೭ನೆಯ ಇಸವಿ ಮಾರ್ಚ್ ೩ರಂದು, ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ಮೆಲ್ವಿಲ್ ಬೆಲ್ ಉಚ್ಚಾರಶಾಸ್ತ್ರದಲ್ಲಿ ನಿಪುಣ. ನಾಲಗೆ, ತುಟಿ, ಗಂಟಲುಗಳು ಯಾವ ಧ್ವನಿಗೆ ಹೇಗೆ ನಿಲ್ಲುತ್ತವೆಂಬುದನ್ನು ತೋರಿಸುವ ಲಿಪಿಯೊಂದನ್ನು ಆತನು ರಚಿಸಿದ್ದನು. ತಾಯಿ ಎಲೈಜಾಳಿಗೆ ಕಿವಿ ಬಹಳ ಮಂದ. ಆದರೂ ಆಕೆ ಪಿಯಾನೋ ನುಡಿಸುತ್ತಿದ್ದಳು. ಇತರರು ಆಕೆಯೊಡನೆ ಕೊಳವೆಯ ಮೂಲಕ ಕೂಗಿ ಮಾತನಾಡಿದರೆ, ಬಾಲಕ ಬೆಲ್ ತಾಯಿಯ ಹಣೆಯ ಬಳಿ ಬಾಯಿಟ್ಟು ಮೆಲುದನಿಯಲ್ಲಿ ನುಡಿಯುತ್ತಿದ್ದನು. ಬೆರಳಿನ ಅಕ್ಷರಗಳನ್ನು ಕಲಿತು, ಮನೆಯವರ ಮಾತುಕತೆಯನ್ನೆಲ್ಲ ಆಕೆಗೆ ತಿಳಿಸುತ್ತಿದ್ದನು. ಕೂಗಿದ ಮಾತ್ರಕ್ಕೆ ಮಾತು ತಿಳಿಯುವುದಿಲ್ಲವೆಂಬ ಪಾಠವನ್ನು ಆತನು ಹೀಗೆ ಮನೆಯಲ್ಲಿಯೇ ಕಲಿತನು.

ಯೌವನವು ಆತನಿಗೆ ಸುಖವನ್ನು ತರಲಿಲ್ಲ. ಕ್ಷಯರೋಗವು ಇಬ್ಬರು ಸೋದರರನ್ನೂ ಬಲಿ ತೆಗೆದುಕೊಂಡಿತು. ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿಗಳು ೧೮೭೦ರಲ್ಲಿ ಕೆನಡಾ ದೇಶದ ಬ್ರಾಂಟ್‌ಫರ್ಡಿಗೆ ವಲಸೆ ಹೋದರು. ಮರುವರ್ಷ ಬೆಲ್ ಅಮೆರಿಕದ ಬಾಸ್ಟನ್ ನಗರವನ್ನು ಸೇರಿ ಕಿವುಡ ಮಕ್ಕಳಿಗೆ ಮಾತನ್ನು ಕಲಿಸುವ ಕೆಲಸಕ್ಕೆ ನಿಂತನು. ಹಗಲೆಲ್ಲ ಪಾಠ, ರಾತ್ರಿಯೆಲ್ಲ ಪ್ರಯೋಗ. ಊರು ಬಿಟ್ಟು ಬಂದು ಬಾಳನ್ನು ಕಟ್ಟಿಕೊಳ್ಳುವ ಕಷ್ಟವೇನೆಂಬುದನ್ನು ಈ ನಗರದ ಕನ್ನಡಿಗರಿಗೆ ನಾವು ವಿವರಿಸಬೇಕಾದುದಿಲ್ಲ.

೧೮೭೪ರಲ್ಲಿ ಬಾಸ್ಟನ್ನಿನ ಕಿವಿವೈದ್ಯ ಕ್ಲಾರೆನ್ಸ್ ಬ್ಲೇಕ್ ಎಂಬಾತನು ಮೃತವ್ಯಕ್ತಿಯೊಬ್ಬನ ಕಿವಿಯ ಭಾಗವನ್ನು ಬೆಲ್‌ಗೆ ಒದಗಿಸಿಕೊಟ್ಟನು. ಬೆಲ್ ಅದರ ಎಲುಬಿಗೆ ಹುಲ್ಲುಕಡ್ಡಿಯೊಂದನ್ನು ಅಂಟಿಸಿ, ಮಸಿ ಹಿಡಿಸಿದ ಗಾಜಿನ ಮೇಲೆ ಅದರ ತುದಿಯನ್ನಿಟ್ಟು, ಕಿವಿಯೊಳಕ್ಕೆ ಮಾತನಾಡಿದನು. ಧ್ವನಿ ಹೊಕ್ಕಂತೆ ಕಡ್ಡಿಯು ಅಲುಗಿ ಗಾಜಿನ ಮೇಲೆ ಅಲೆಗಳನ್ನು ಬರೆಯಿತು. ಕಾಗದಕ್ಕಿಂತ ತೆಳುವಾದ ಕಿವಿಯ ತಮಟೆಯು ತನಗಿಂತ ಎಷ್ಟೋ ಭಾರವಾದ ಎಲುಬುಗಳನ್ನು ಅಲುಗಿಸಬಲ್ಲುದಾದರೆ, ದೊಡ್ಡದೊಂದು ಪೊರೆಯು ಅಯಸ್ಕಾಂತದ ಬಳಿ ಕಬ್ಬಿಣದ ತುಂಡನ್ನು ಏಕೆ ಅಲುಗಿಸಲಾರದು? ಟೆಲಿಫೋನಿನ ಕಲ್ಪನೆಯು ಮೊಳೆತದ್ದು ಈ ವಿಚಾರದಿಂದ. ಬೆಲ್‌ಗೆ ಕಿವಿಯೇ ಗುರುವಾಯಿತು.

೧೮೭೫ರ ಜೂನ್ ೨ರಂದು ಸಹಾಯಕನಾದ ಥಾಮಸ್ ವ್ಯಾಟ್ಸನ್ ಒಂದು ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಉಕ್ಕಿನ ಪಟ್ಟಿಯೊಂದನ್ನು ಮೀಟಿದನು. ಇನ್ನೊಂದು ಕೋಣೆಯಲ್ಲಿದ್ದ ಬೆಲ್‌ಗೆ ಆ ನಾದವು ತಂತಿಯ ಮೂಲಕ ಕೇಳಿಸಿತು. ೧೮೭೬ರ ಮಾರ್ಚ್ ೭ರಂದು ಸನ್ನದು ದೊರೆಯಿತು. ಮೂರು ದಿನಗಳ ತರುವಾಯ, ವ್ಯಾಟ್ಸನ್ನನನ್ನು ತನ್ನ ಬಳಿಗೆ ಕರೆದ ಬೆಲ್‌ನ ಮಾತು ತಂತಿಯ ಮೇಲೆ ಸ್ಪಷ್ಟವಾಗಿ ಹರಿಯಿತು. ಎಲಿಷಾ ಗ್ರೇ ಎಂಬ ಇನ್ನೊಬ್ಬ ಸಂಶೋಧಕನೂ ಬೆಲ್ ಅರ್ಜಿ ಹಾಕಿದ ದಿನವೇ ತನ್ನ ಕಾಗದಗಳನ್ನು ಸಲ್ಲಿಸಿದ್ದುದರಿಂದ ವಾದವಿವಾದಗಳು ಬಹುಕಾಲ ನಡೆದವು. ೧೮೮೮ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬೆಲ್‌ನ ಸನ್ನದನ್ನು ಎತ್ತಿಹಿಡಿಯಿತು.

೧೮೭೭ರಲ್ಲಿ ಬೆಲ್ ತನ್ನ ಶಿಷ್ಯೆಯಾಗಿದ್ದ ಮೇಬಲ್ ಹಬ್ಬರ್ಡಳನ್ನು ವರಿಸಿದನು. ಐದನೆಯ ವಯಸ್ಸಿನಲ್ಲಿ ಜ್ವರದಿಂದ ಆಕೆಯ ಕಿವಿ ಹೋಗಿತ್ತು. ಲೋಕಕ್ಕೆಲ್ಲ ದೂರದ ದನಿಯನ್ನು ಕೇಳಿಸಿದವನ ತಾಯಿಗಾಗಲಿ ಮಡದಿಗಾಗಲಿ ಅದರ ಸುಖವು ಲಭಿಸಲಿಲ್ಲ. ೧೮೮೦ರಲ್ಲಿ ಫ್ರಾನ್ಸ್ ಸರಕಾರವು ೫೦,೦೦೦ ಫ್ರಾಂಕುಗಳ ವೋಲ್ಟಾ ಬಹುಮಾನವನ್ನಿತ್ತಾಗ ಆತನು ಅದರಿಂದ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿದನು. ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡಿದ್ದ ಬಾಲೆ ಹೆಲೆನ್ ಕೆಲ್ಲರಳ ತಂದೆಗೆ ತಕ್ಕ ಶಾಲೆಯ ದಾರಿ ತೋರಿದವನೂ ಬೆಲ್.

ಮಹಾಪುರುಷರ ಗುಣಗಳನ್ನಷ್ಟೇ ಹೇಳಿ ಮುಗಿಸುವುದು ನ್ಯಾಯವಲ್ಲ. ಕಿವುಡ ಮಕ್ಕಳು ಬಾಯಿಮಾತನ್ನೇ ಕಲಿಯಬೇಕು, ಶಾಲೆಯಲ್ಲಿ ಸನ್ನೆಯ ಭಾಷೆ ಸಲ್ಲದು ಎಂದು ಬೆಲ್ ಹಟ ಹಿಡಿದನು. ತಾಯಿಯೊಡನೆ ಬೆರಳಿನಿಂದ ಮಾತನಾಡಿದವನೇ ಇತರ ಮಕ್ಕಳ ಕೈಗಳ ಮಾತನ್ನು ತಡೆಯಬಯಸಿದನು. ಸನ್ನೆಯೇ ಸಹಜ ನುಡಿಯಾದ ಎಷ್ಟೋ ಮಕ್ಕಳು ಇದರಿಂದ ನೊಂದರು. ಪರನಾಡಿನ ನಗರದಲ್ಲಿ ತಾಯ್ನುಡಿಯಲ್ಲಿ ಕಲಿಯುತ್ತಿರುವ ನಿಮಗೆ ಈ ತಪ್ಪಿನ ತೂಕವು ಬೇಗನೆ ತಿಳಿದೀತು.

೧೯೨೨ರ ಆಗಸ್ಟ್ ೨ರಂದು ಬೆಲ್ ಕೆನಡಾದ ಬಾಡೆಕ್ಕಿನಲ್ಲಿದ್ದ ತನ್ನ ಮನೆಯಲ್ಲಿ ಕಣ್ಣು ಮುಚ್ಚಿದನು. ಆತನ ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲ ಒಂದು ನಿಮಿಷ ಮೌನವಾಗಿದ್ದವು. ಧ್ವನಿಯ ಅಳತೆಗೆ ಡೆಸಿಬೆಲ್ ಎಂಬ ಹೆಸರಾದುದು ಆತನ ಸ್ಮರಣೆಗಾಗಿ.

ಇನ್ನು ನಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ಅಯಸ್ಕಾಂತ, ತಂತಿಯ ಸುರುಳಿ, ನಡುಗುವ ತೆಳುಪೊರೆ, ಈ ಮೂರೇ ಬೆಲ್‌ನ ಟೆಲಿಫೋನಿನ ಜೀವಾಳ. ಸಾಮಾನ್ಯ ಹೆಡ್‌ಫೋನಿನ ಒಳಗಿರುವುದೂ ಇವೇ. ಹೆವಿ ಮೆಟಲ್ ಸಂಗೀತವೂ ಬರಿಯ ಗದ್ದಲವಲ್ಲ. ೧೯೭೦ರಲ್ಲಿ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ, ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿಗಳನ್ನು ಕಳೆದುಕೊಂಡೂ ಗಿಟಾರನ್ನು ಬಿಡದೆ ನುಡಿಸಿದ ಶ್ರಮಜೀವಿ. ಗಿಟಾರಿನ ಒರಟು ನಾದ, ಅದರ ಕೆಳಗೆ ಬೇಸ್ ಗಿಟಾರು, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಒತ್ತೊತ್ತಾದ ಪೆಟ್ಟು, ಇವು ಒಂದರೊಳಗೊಂದು ಕಲಸಿಹೋಗದೆ ಬೇರೆ ಬೇರೆಯಾಗಿ ಕೇಳಬೇಕು. ಬರಿಯ ಮಂದ್ರಸ್ವರವನ್ನು ಉಬ್ಬಿಸುವ ಹೆಡ್‌ಫೋನಿನಲ್ಲಿ ಡ್ರಮ್ಮು ಗುಮ್ಮೆನ್ನುತ್ತದೆ, ಗಿಟಾರು ಮಸುಕಾಗುತ್ತದೆ. ಆದುದರಿಂದ ಅಂಗಡಿಯಲ್ಲಿ ಪರಿಚಿತವಾದ ಹಾಡೊಂದನ್ನು ಸಣ್ಣ ದನಿಯಲ್ಲಿಟ್ಟು ಪರೀಕ್ಷಿಸಿರಿ. ಸಣ್ಣ ದನಿಯಲ್ಲಿಯೂ ಪೆಟ್ಟು ಪೆಟ್ಟೂ ಎಣಿಸುವಂತಿದ್ದರೆ ಅದು ಒಳ್ಳೆಯದು.

ಕಿವಿಯನ್ನು ಸುತ್ತಲೂ ಮುಚ್ಚುವ ಮಾದರಿಯು ಹೊರಗಿನ ಸದ್ದನ್ನು ತಡೆಯುವುದರಿಂದ ದನಿಯನ್ನು ಏರಿಸುವ ಅವಶ್ಯಕತೆ ಕಡಿಮೆ. ಕಡಿಮೆ ಬೆಲೆಯಲ್ಲಿ ತಂತಿಯುಳ್ಳದ್ದನ್ನು ಕೊಂಡರೆ ಹಣವು ಬ್ಯಾಟರಿಗೆ ಹೋಗದೆ ನಾದಕ್ಕೆ ಸಲ್ಲುತ್ತದೆ. ರೋಧವು ೩೨ ಓಮ್‌ನ ಆಸುಪಾಸಿನಲ್ಲಿದ್ದರೆ ಸಾಮಾನ್ಯ ಫೋನೂ ಅದನ್ನು ನಡೆಸಬಲ್ಲುದು. ತಂತಿಯನ್ನೂ ಕಿವಿಯ ಮೆತ್ತೆಯನ್ನೂ ಬದಲಾಯಿಸಲು ಬರುವಂತಿದ್ದರೆ ಬಹುದಿನ ಬಾಳಿಕೆ ಬರುತ್ತದೆ. ರಸ್ತೆಯಲ್ಲಿಯೂ ರೈಲುಹಳಿಯ ಬಳಿಯೂ ಅದನ್ನು ಕಿವಿಯಿಂದ ತೆಗೆದಿಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಅಳತೆ. ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗೆ ಹೇಳಿರುವ ಮಿತಿ ೭೫ ಡೆಸಿಬೆಲ್‌ನಲ್ಲಿ ವಾರಕ್ಕೆ ೪೦ ಗಂಟೆ. ದನಿಯು ೩ ಡೆಸಿಬೆಲ್ ಏರಿದಂತೆಲ್ಲ ಈ ಕಾಲವು ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ ೯೦ ಡೆಸಿಬೆಲ್‌ಗೆ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಮ್ಮ ದೊಡ್ಡಪ್ಪನವರು ಇದೇ ನಗರದ ಬಟ್ಟೆಗಿರಣಿಯೊಂದರಲ್ಲಿ ಮಗ್ಗಗಳ ನಡುವೆ ವರ್ಷಗಟ್ಟಲೆ ದುಡಿದರು. ರಜೆಗೆ ಊರಿಗೆ ಬಂದಾಗ, ಬಾಗಿಲಲ್ಲಿ ನಿಂತು ಕರೆದರೂ ಅವರು ತಿರುಗುತ್ತಿರಲಿಲ್ಲ. ಹತ್ತಿರ ಹೋಗಿ ಕೈ ಮುಟ್ಟಿಯೇ ಎಬ್ಬಿಸಬೇಕಾಗಿತ್ತು. ಮನೆಯ ಹೊಟ್ಟೆಪಾಡಿಗಾಗಿ ಅವರು ಕಿವಿಗಳನ್ನು ತೆತ್ತರು. ಅವರಿಗೆ ಬೇರೆ ದಾರಿಯಿರಲಿಲ್ಲ. ದನಿಯನ್ನು ಇಳಿಸುವ ಗುಂಡಿಯು ನಿಮ್ಮ ಬೆರಳ ತುದಿಯಲ್ಲಿಯೇ ಇದೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ತಮ್ಮ ಉಳಿತಾಯದ ಹಣವನ್ನು ಕೂಡಿಸಿ, ನಾವು ಹೇಳಿದಂತೆ ಪರೀಕ್ಷಿಸಿ, ಒಂದು ಹೆಡ್‌ಫೋನನ್ನು ಕೊಂಡರು. ನಮ್ಮ ತಲೆಯ ಮೇಲೂ ಅದನ್ನಿಟ್ಟು ಹಾಡೊಂದನ್ನು ಕೇಳಿಸಿದರು. ಹಾಡು ನಮಗೆ ರುಚಿಸಿತೆಂದರೆ ಸುಳ್ಳಾದೀತು. ಆದರೆ ಡ್ರಮ್ಮಿನ ಒಂದೊಂದು ಪೆಟ್ಟನ್ನೂ ನಾವು ಎಣಿಸಿದೆವು. ದನಿಯು ಅರ್ಧಕ್ಕಿಂತ ಕೆಳಗಿತ್ತು.