ಪಕ್ಷಿಗಳ ನೆರೆಯವರಾಗಿ ಬಾಳಿದ ಡಾ. ಸಲೀಂ ಅಲಿ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹೊಲದ ಬಾವಿಗಳ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗನ ಗೂಡುಗಳು ತೂಗಾಡುವುದನ್ನು ನೀವು ನೋಡಿರುತ್ತೀರಿ. ಕೆಲವರು ಕಲ್ಲೂ ಎಸೆದಿರಬಹುದು. ಅಂಥ ಗೂಡುಗಳ ಬಳಿ ತಿಂಗಳುಗಟ್ಟಲೆ ಕುಳಿತ ಮಹನೀಯರೊಬ್ಬರನ್ನು ನಿಮಗೆ ಪರಿಚಯಿಸುತ್ತೇನೆ.

ಡಾ. ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬೈನ ಸುಲೇಮಾನಿ ಬೋಹ್ರಾ ಮನೆತನದಲ್ಲಿ ಜನಿಸಿದರು. ಎಳವೆಯಲ್ಲೇ ಅನಾಥರಾಗಿ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಏರ್‌ಗನ್ನಿನಿಂದ ಹೊಡೆದ ಹಳದಿ ಕುತ್ತಿಗೆಯ ಗುಬ್ಬಿ ಅವರನ್ನು ಪಕ್ಷಿಶಾಸ್ತ್ರಕ್ಕೆ ಕರೆದೊಯ್ದ ಕಥೆ ಪ್ರಸಿದ್ಧ. ನನಗೆ ಹೆಚ್ಚು ಕಾಡುವುದು ಇನ್ನೊಂದು. ಮೊಟ್ಟೆಯಿಟ್ಟ ಹೆಣ್ಣುಗುಬ್ಬಿಯ ಗೂಡನ್ನು ಕಾಯುತ್ತಿದ್ದ ಗಂಡನ್ನು ಬಾಲಕ ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಬಂದು ಕಾವಲು ನಿಂತಿತು. ಏಳು ದಿನಗಳಲ್ಲಿ ಎಂಟು ಗಂಡುಗಳು ಸತ್ತವು! ಕ್ರೂರ ಆಟವೇ ಸರಿ. ಆದರೆ ಅವನು ಅದನ್ನು ಬರೆದಿಟ್ಟುಕೊಂಡ. ಹಕ್ಕಿಯೆಂದರೆ ಗರಿಯ ಮುದ್ದೆಯಲ್ಲ, ಗೂಡು, ಮೊಟ್ಟೆ, ಜೋಡಿಗಳ ಒಂದು ಸಂಸಾರವೆಂಬುದು ಆ ಬರಹದಲ್ಲಿದೆ.

ಪದವಿಯಿಲ್ಲದ ಕಾರಣ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಹುದ್ದೆ ಅವರಿಗೆ ತಪ್ಪಿತು. ಬರ್ಲಿನ್ನಿನಲ್ಲಿ ತರಬೇತಿ ಪಡೆದು 1930ರಲ್ಲಿ ಮರಳಿದಾಗ ಮ್ಯೂಸಿಯಂನ ಕೆಲಸವೂ ಇರಲಿಲ್ಲ. ಆ ನಿರುದ್ಯೋಗದಲ್ಲೇ ಕಿಹೀಂ ಎಂಬ ಕಡಲತೀರದ ಹಳ್ಳಿಯಲ್ಲಿ ಗೀಜಗವನ್ನು ಗಮನಿಸಿದರು. ಗಂಡು ಅರ್ಧ ಗೂಡು ಹೆಣೆಯುತ್ತದೆ, ಹೆಣ್ಣು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯವು ಪ್ರಾಣಿಪಕ್ಷಿಗಳನ್ನೂ ಸಮುದಾಯಗಳೆಂದು ಪರಿಗಣಿಸಿರುವುದನ್ನು ನಾವು ಕೇಳಿದ್ದೇವೆ. ಸಲೀಂ ಅಲಿ ಧರ್ಮಬೋಧಕರಲ್ಲ, ಹಾಗೆ ಚಿತ್ರಿಸುವುದು ತಪ್ಪು. ಆದರೆ ಆ ಸಮುದಾಯದ ನಡೆನುಡಿಯನ್ನು ಕಣ್ಣಾರೆ ಕಂಡವರು.

1931-32ರಲ್ಲಿ ಅವರು ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ನಮ್ಮ ಬೀದರ್ ಆಗ ಅದೇ ಸಂಸ್ಥಾನದಲ್ಲಿತ್ತು. ಸಂಬಳ ಬೇಡ, ಕ್ಯಾಂಪಿನ ಖರ್ಚು ಸಾಕು ಎಂಬುದು ಅವರ ಷರತ್ತು. ಪತ್ನಿ ತೆಹ್ಮೀನಾ ಜೊತೆಗಿದ್ದರು. ಮುಂದೆ ಗ್ರಂಥಗಳು, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆ.

ಅವರ ಒಂದು ತಪ್ಪನ್ನೂ ಹೇಳಬೇಕು. ಮಹಾರಾಜರ ಬಾತುಬೇಟೆಯ ತಾಣವಾಗಿದ್ದ ಭರತಪುರದ ಜೌಗನ್ನು ಪಕ್ಷಿಧಾಮವಾಗಿ ಉಳಿಸಲು ಅವರು ಬಹಳ ದುಡಿದರು. ಅಲ್ಲಿ ಎಮ್ಮೆಗಳು ಮೇಯುವುದು ಹಕ್ಕಿಗಳಿಗೆ ಹಾನಿಯೆಂದು ಅವರೂ, ಇತರ ತಜ್ಞರೂ ಭಾವಿಸಿದ್ದರು. 1982ರಲ್ಲಿ ಮೇವಿಗೆ ನಿಷೇಧ ಬಂತು. ಪ್ರತಿಭಟಿಸಿದ ಗ್ರಾಮಸ್ಥರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋದವು. ಆಮೇಲೆ ನೋಡಿದರೆ, ಮೇಯುವವರಿಲ್ಲದೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ಹಕ್ಕಿಗಳು ಕಡಿಮೆಯಾದವು. ಎಮ್ಮೆ, ಹುಲ್ಲು, ನೀರು, ಹಕ್ಕಿ, ಎಮ್ಮೆಯ ಯಜಮಾನ ಎಲ್ಲರೂ ಒಂದೇ ಸಂಸಾರದವರಾಗಿದ್ದರು. ನಮ್ಮ ಕಡೆ ಕೃಷ್ಣಮೃಗಗಳು ಬೆಳೆಗೆ ನುಗ್ಗಿದಾಗ ರೈತನ ನಷ್ಟವನ್ನು ಮರೆತು ಮಾತನಾಡುವವರು ಈ ಘಟನೆಯನ್ನು ಓದಬೇಕು.

ಎಮ್ಮೆಗಳ ಉಪಕಾರವನ್ನು ದೀರ್ಘ ಅಧ್ಯಯನದಿಂದ ತೋರಿಸಿದ್ದು ಬೇರಾರೂ ಅಲ್ಲ, ಸಲೀಂ ಅಲಿಯವರೇ ಬೆಳೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಅದರ ಅಂತಿಮ ವರದಿ ಬರುವ ಮೊದಲೇ, 1987ರಲ್ಲಿ, ಅವರು ತೀರಿಕೊಂಡಿದ್ದರು.